ವೆನಿಸ್ ‘ಮುಳುಗುವ’ ಲೆಕ್ಕ: ನೆಲದ ಖಾತೆ ಬೇರೆ, ಕಡಲಿನ ಖಾತೆ ಬೇರೆ

ಮಾನ್ಯ ಸಂಪಾದಕರೇ,

ವೆನಿಸ್ ಮುಳುಗುತ್ತಿರುವ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನಕ್ಕೂ, ಅದರ ಬೆನ್ನಿಗೇ ಈ ಅಂಕಣದಲ್ಲಿ ಅಚ್ಚಾದ ‘ಮುಂದಿನ ಸರದಿ ಬೆಂಗಳೂರಿನದೇ?’ ಎಂಬ ಪತ್ರಕ್ಕೂ ಸೇರಿಸಿ ಇದನ್ನು ಬರೆಯುತ್ತಿದ್ದೇವೆ. ಅಂತರ್ಜಲ ಮತ್ತು ಬುನಾದಿಯ ಕೆಲಸದಲ್ಲಿರುವ ನಮಗೆ ಎರಡರಲ್ಲೂ ಒಂದೇ ಎಡವಟ್ಟು ಕಂಡಿತು. ನೆಲ ಇಳಿದದ್ದನ್ನೂ ನೀರು ಏರಿದ್ದನ್ನೂ ‘ಮುಳುಗುವುದು’ ಎಂಬ ಒಂದೇ ಪದಕ್ಕೆ ತುರುಕಲಾಗಿದೆ. ಲೇಖನದಲ್ಲಿ ‘ವರ್ಷಕ್ಕೆ 12 ಸೆಂ.ಮೀ.’ ಎಂದಿದೆ. ಅದು ಇಡೀ ಇಪ್ಪತ್ತನೇ ಶತಮಾನದಲ್ಲಿ ಅಲ್ಲಿನ ನೆಲ ಇಳಿದ ಒಟ್ಟು ಮೊತ್ತ. ವರ್ಷಕ್ಕೆ ಅಷ್ಟು ಇಳಿದಿದ್ದರೆ ಸೇಂಟ್ ಮಾರ್ಕ್ ಚೌಕದಲ್ಲಿ ಇಷ್ಟೊತ್ತಿಗೆ ಪಾರಿವಾಳಗಳ ಜಾಗದಲ್ಲಿ ಮೀನುಗಳಿರುತ್ತಿದ್ದವು.

ಲೆಕ್ಕ ಹೀಗಿದೆ. ವೆನಿಸ್‌ನಲ್ಲಿ ನೀರಿನ ಎತ್ತರವನ್ನೆಲ್ಲ ಪುಂತಾ ದೆಲ್ಲಾ ಸಲೂತೆ ಎಂಬಲ್ಲಿರುವ ಉಬ್ಬರಮಾಪಕದ 1897ರ ಸೊನ್ನೆಯಿಂದ ಎಣಿಸುತ್ತಾರೆ. ಕಳೆದ ಶತಮಾನದಲ್ಲಿ ನೆಲಕ್ಕೆ ಹೋಲಿಸಿದರೆ ಕಡಲು ಸುಮಾರು 23 ಸೆಂ.ಮೀ. ಮೇಲೆ ಬಂತು. ಅದರಲ್ಲಿ 12 ಸೆಂ.ಮೀ. ನೆಲ ತಾನೇ ಇಳಿದದ್ದು, 11 ಸೆಂ.ಮೀ. ಸಮುದ್ರ ನಿಜವಾಗಿ ಏರಿದ್ದು. ನೆಲದ 12ರಲ್ಲೂ ಸುಮಾರು 3 ಸೆಂ.ಮೀ. ನೈಸರ್ಗಿಕ, ನದಿಗಳು ತಂದು ಹಾಕಿದ ಮೆಕ್ಕಲು ತನ್ನ ಭಾರಕ್ಕೆ ತಾನೇ ಅಮರುವುದು, ಆಳದ ಭೂಚಲನೆ, ಇತ್ಯಾದಿ. ಉಳಿದ 9 ಸೆಂ.ಮೀ. ಮನುಷ್ಯ ಪಂಪು ಹಾಕಿ ಇಳಿಸಿದ್ದು. ಕಟ್ಟಡಗಳ ಭಾರಕ್ಕೆ ಊರು ಕುಸಿಯುತ್ತಿದೆ ಎಂಬ ಮಾತಿನಲ್ಲಿ ಹುರುಳಿಲ್ಲ. ಮರದ ಗೂಟಗಳ ಮೇಲೆ ನಿಂತ ಆ ಹಳೆಯ ಕಟ್ಟಡಗಳ ಕೆಳಗಿನ ಮಣ್ಣು ಅಮರಬೇಕಾದಷ್ಟು ಶತಮಾನಗಳ ಹಿಂದೆಯೇ ಅಮರಿಯಾಗಿದೆ. ನೀರಿನಡಿ ಗಾಳಿಯಾಡದ ಕೆಸರಿನಲ್ಲಿ ಹುದುಗಿದ ಗೂಟ ಬೇಗ ಕೊಳೆಯುವುದೂ ಇಲ್ಲ.

ಪಂಪಿನ ಕತೆ ಮಾರ್ಗೆರಾ ಎಂಬ ಕೈಗಾರಿಕಾ ಬಂದರಿನದು. ವೆನಿಸ್ ಸುತ್ತಲಿನ ಕಡಲ ಹಿನ್ನೀರಾದ ಲಗೂನಿನ ದಡದಲ್ಲೇ, ಊರಿನ ಎದುರಿಗೆ, 1917ರಿಂದ ಬೆಳೆದ ಜಾಗ. ಅಲ್ಲಿನ ಕಾರ್ಖಾನೆಗಳು 1930ರ ದಶಕದಿಂದ ಆಳದ ಬಾವಿಗಳಿಂದ ನೀರೆತ್ತಿದವು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅದಕ್ಕೆ ಲಗಾಮೇ ಇಲ್ಲದಾಯಿತು. ಆ ನೆಲದಡಿ ಗಟ್ಟಿ ಬಂಡೆ ಎಲ್ಲೋ ಪಾತಾಳದಲ್ಲಿದೆ. 1971ರಲ್ಲಿ ಸುಮಾರು 950 ಮೀಟರ್ ಆಳಕ್ಕೆ ಕೊರೆದು ಮಣ್ಣಿನ ಮಾದರಿ ತೆಗೆದಾಗಲೂ ಸಿಕ್ಕಿದ್ದು ಮರಳು, ಗೋಡು, ಜೇಡಿ, ಮತ್ತೆ ಮರಳು. ಮರಳಿನ ಪದರದಿಂದ ನೀರೆತ್ತಿದಾಗ ಅಲ್ಲಿನ ಒತ್ತಡ ಇಳಿಯುತ್ತದೆ. ಮೇಲಿನ ಮಣ್ಣಿನ ಭಾರದಲ್ಲಿ ಅಲ್ಲಿಯವರೆಗೆ ನೀರು ಹೊತ್ತಿದ್ದ ಪಾಲು ಕಣಗಳ ಹೆಗಲಿಗೆ ಬೀಳುತ್ತದೆ. ನೀರಿನ ಮಟ್ಟ 10 ಮೀಟರ್ ಇಳಿದರೆ ಪ್ರತಿ ಚದರ ಮೀಟರಿಗೆ ಸುಮಾರು 10 ಟನ್ ಹೊಸ ಹೊರೆ. ಊರಿನ ಉದ್ದಗಲಕ್ಕೂ ಹಲವು ಮಹಡಿಯ ಕಟ್ಟಡ ಏಳಿಸಿದಂತೆ, ಆದರೆ ಕಣ್ಣಿಗೆ ಕಾಣದಂತೆ.

ಮರಳು ಈ ಹೊರೆಗೆ ರಾಗಿ ಮೂಟೆಯಂತೆ ತುಸುವೇ ಅದುಮಿಕೊಳ್ಳುತ್ತದೆ. ಹೊರೆ ತೆಗೆದರೆ ಬಹುಪಾಲು ವಾಪಸು ಬರುತ್ತದೆ. ಜೇಡಿಯ ಕಣಗಳು ಹಪ್ಪಳದಂತೆ ಚಪ್ಪಟೆ. ಒದ್ದೆ ಹಪ್ಪಳದ ಅಡಕಿಲನ್ನು ಒಮ್ಮೆ ಅಮುಕಿ ನೀರು ಹಿಂಡಿದ ಮೇಲೆ ಅದು ಮೊದಲಿನ ಎತ್ತರಕ್ಕೆ ಏಳುವುದಿಲ್ಲ. ಇನ್ನೊಂದು ಕಾಟವೂ ಇದೆ. ಜೇಡಿಯಿಂದ ನೀರು ಬಸಿಯುವುದು ಬಲು ನಿಧಾನ. ಪದರದ ದಪ್ಪ ಎರಡರಷ್ಟಾದರೆ ಬಸಿಯಲು ಬೇಕಾದ ಕಾಲ ನಾಲ್ಕರಷ್ಟು. ಪಂಪು ನಿಲ್ಲಿಸಿದ ಮೇಲೂ ಕೆಲವು ಊರುಗಳಲ್ಲಿ ನೆಲ ವರ್ಷಗಟ್ಟಲೆ ಇಳಿಯುತ್ತಲೇ ಇರುವುದು ಇದರಿಂದ.

1968–69ರ ಹೊತ್ತಿಗೆ ಮಾರ್ಗೆರಾದಲ್ಲಿ ನೆಲ ವರ್ಷಕ್ಕೆ 17 ಮಿ.ಮೀ.ವರೆಗೆ, ವೆನಿಸ್‌ನಲ್ಲಿ 14 ಮಿ.ಮೀ.ವರೆಗೆ ಇಳಿಯುತ್ತಿತ್ತು. ಇದು ಗೊತ್ತಾದದ್ದು ಊಹೆಯಿಂದಲ್ಲ. ಆಲ್ಪ್ಸ್ ತಪ್ಪಲಿನ ಕಡೆ ಗಟ್ಟಿ ನೆಲದಲ್ಲಿರುವ ತ್ರೆವಿಸೊದಿಂದ ಹೊರಟು ಮೆಸ್ತ್ರೆ ದಾಟಿ ವೆನಿಸ್ ತಲುಪುವ ಲೆವೆಲಿಂಗ್ ಸಾಲೊಂದನ್ನು, ಅಂದರೆ ಎತ್ತರ ಅಳೆಯಲು ನೆಟ್ಟ ಗುರುತುಕಲ್ಲುಗಳ ಸಾಲನ್ನು, 1952, 1961, 1968, 1969, 1973ರಲ್ಲಿ ಮತ್ತೆ ಮತ್ತೆ ಅಳೆದಿದ್ದರು. ಅಲ್ಲಾಡದ ಒಂದು ತುದಿ, ಅಲ್ಲಾಡುವ ಇನ್ನೊಂದು ತುದಿ, ಅದೇ ಕಲ್ಲು, ಅದೇ ದಾರಿ. ಈ ಸಾಲು ಇರದಿದ್ದರೆ ಇವತ್ತಿಗೂ ‘ಸಮುದ್ರ ಏರಿತು’ ಎಂದೇ ವಾದಿಸುತ್ತಾ ಕೂತಿರುತ್ತಿದ್ದರು, ಕಾರ್ಖಾನೆಗಳ ಪಂಪು ಓಡುತ್ತಲೇ ಇರುತ್ತಿತ್ತು. 1970ರಿಂದ ಬಾವಿಗಳನ್ನು ಮುಚ್ಚಿಸಿ, ಕಾರ್ಖಾನೆಗಳಿಗೆ ಬೇರೆ ಕಡೆಯಿಂದ ಕೊಳಾಯಿ ನೀರು ತಂದುಕೊಟ್ಟರು. ಕೆಲವೇ ವರ್ಷಗಳಲ್ಲಿ ಆಳದ ಒತ್ತಡ ಮರಳಿತು, ಕುಸಿತ ನಿಂತಿತು, 1975ರ ಹೊತ್ತಿಗೆ ನೆಲ ಸುಮಾರು 2 ಸೆಂ.ಮೀ. ಮೇಲೆದ್ದಿತು. ಅದಕ್ಕಿಂತ ಹೆಚ್ಚು ಏಳಲಿಲ್ಲ. ಹಪ್ಪಳದ ಅಡಕಿಲು ಏಳುವುದಿಲ್ಲವಲ್ಲ. ಈಗ ಹಳೆಯ ನಗರದ ನೆಲ ಇಳಿಯುತ್ತಿರುವುದು ವರ್ಷಕ್ಕೆ ಹೆಚ್ಚುಕಡಿಮೆ 1 ಮಿ.ಮೀ. ಅಷ್ಟೇ.

ಇಲ್ಲೊಂದು ಮಾತು ಹೇಳದೆ ಇರಲಾಗದು. 1884ರಲ್ಲಿ ಕೊಳವೆ ನೀರು ಬರುವವರೆಗೆ ಆ ಊರು ಬದುಕಿದ್ದು ಮಳೆನೀರಿನ ಮೇಲೆ. ಅಂಗಳವನ್ನು ತೋಡಿ, ಗುಂಡಿಯ ಒಳಮೈಗೆ ಜೇಡಿ ಮೆತ್ತಿ, ಮರಳು ತುಂಬಿ, ನಡುವೆ ಇಟ್ಟಿಗೆಯ ಬಾವಿ ಕಟ್ಟುತ್ತಿದ್ದರು. ಅಂಗಳಕ್ಕೆ ಬಿದ್ದ ಮಳೆ ಮರಳಿನಲ್ಲಿ ಸೋಸಿ ಬಾವಿಗೆ ಇಳಿಯುತ್ತಿತ್ತು; ಸುತ್ತಲಿನ ಉಪ್ಪುನೀರನ್ನು ಜೇಡಿ ತಡೆಯುತ್ತಿತ್ತು. 2009ರಿಂದ ಮಳೆನೀರು ಸಂಗ್ರಹ ಕಡ್ಡಾಯವಾಗಿರುವ ನಮ್ಮೂರಲ್ಲಿ ಫಿಲ್ಟರಿನ ಮರಳನ್ನು ಒಮ್ಮೆಯೂ ತೊಳೆಯದೆ ‘ಇದು ಕೆಲಸ ಮಾಡಲ್ಲ’ ಎನ್ನುವವರು ಆ ಬಾವಿಗಳ ಚಿತ್ರವನ್ನಾದರೂ ನೋಡಬೇಕು.

ನೆಲದ ಖಾತೆ ಹೀಗೆ ಬಹುಮಟ್ಟಿಗೆ ಮುಗಿಯಿತು. ಕಡಲಿನ ಖಾತೆ ಮುಗಿದಿಲ್ಲ. ಸರಾಸರಿ ಕಡಲಮಟ್ಟ ಈಗ 1897ರ ಸೊನ್ನೆಗಿಂತ 30 ಸೆಂ.ಮೀ.ಗೂ ಮೇಲಿದೆ. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಉಬ್ಬರ ಅದರ ಮೇಲೆ ಇನ್ನೊಂದು 50 ಸೆಂ.ಮೀ. ಸೇರಿಸುತ್ತದೆ. ಅಲ್ಲಿಗೆ 80. ಸೇಂಟ್ ಮಾರ್ಕ್ ಚೌಕದ ತಗ್ಗಿನಲ್ಲಿ ನೀರು ನಿಲ್ಲುವುದೂ ಸುಮಾರು ಅಷ್ಟಕ್ಕೇ. ಅಂದರೆ ಗಾಳಿ ಇಲ್ಲ, ಮಳೆ ಇಲ್ಲ, ಬರೀ ಹುಣ್ಣಿಮೆಗೇ ಚೌಕ ಒದ್ದೆ. ಇದರ ಮೇಲೆ ವಾಯುಭಾರ ಒಂದು ಮಿಲಿಬಾರ್ ಇಳಿದರೆ ನೀರು ಒಂದು ಸೆಂ.ಮೀ. ಏರುತ್ತದೆ. ಆಗ್ನೇಯದಿಂದ ಬೀಸುವ ಸಿರೊಕ್ಕೊ ಗಾಳಿ ಏಡ್ರಿಯಾಟಿಕ್ ಕಡಲಿನ ನೀರನ್ನು ಉತ್ತರದ ಮೂಲೆಗೆ ನೂಕುತ್ತದೆ. ಗಾಳಿ ನಿಂತ ಮೇಲೂ ತೊಟ್ಟಿಯ ನೀರು ತುಳುಕಿದಂತೆ ಇಡೀ ಕಡಲು ಸುಮಾರು 22 ಗಂಟೆಗೊಮ್ಮೆ ಹಿಂದೆ ಮುಂದೆ ತೂಗುತ್ತದೆ. ಇವೆಲ್ಲ ಒಂದೇ ಹೊತ್ತಿಗೆ ಕೂಡಿಬಂದಾಗ 1966ರ ನವೆಂಬರ್ 4ರಂದು 194 ಸೆಂ.ಮೀ., 2019ರ ನವೆಂಬರ್ 12ರಂದು 190ರ ಸಮೀಪ ಮುಟ್ಟಿತು. ಹಳೆಯ ಮನೆಗಳ ಬುಡಕ್ಕೆ ಇಸ್ತ್ರಿಯಾ ಎಂಬ ಕಡೆಯಿಂದ ತಂದ ಬಿಳಿ ಕಲ್ಲು ಹಾಕಿದ್ದೇ ಉಪ್ಪುನೀರು ಇಟ್ಟಿಗೆಗೆ ತಾಗದಿರಲೆಂದು. ಈಗ ನೀರು ಆ ಕಲ್ಲನ್ನು ದಾಟಿ ಇಟ್ಟಿಗೆಗೆ ಹತ್ತುತ್ತದೆ. ಒಣಗುವಾಗ ಉಪ್ಪು ಹರಳುಗಟ್ಟಿ ಇಟ್ಟಿಗೆಯ ಮೈಯನ್ನು ಒಳಗಿನಿಂದ ಸಿಡಿಸಿ ಪುಡಿ ಉದುರಿಸುತ್ತದೆ.

ಇಂಥ ಉಬ್ಬರ ತಡೆಯಲು ಕಟ್ಟಿದ ಗೇಟುಗಳ ಹೆಸರು ಮೋಸೆ. ಕನ್ನಡದ ಕಿವಿಗೆ ಅದು ಹೇಗೆ ಕೇಳಿಸುತ್ತದೋ ಹಾಗೆಯೇ ಆಯಿತು ಎನ್ನೋಣ. 2014ರ ಲಂಚದ ಹಗರಣದಲ್ಲಿ ಹಲವರ ಬಂಧನವಾಯಿತು, 2003ರಲ್ಲಿ ಶುರುವಾದ ಕೆಲಸ ಎಳೆದಾಡಿ 2020ರ ಅಕ್ಟೋಬರ್ 3ರಂದು ಮೊದಲ ಬಾರಿ ನಿಜವಾದ ಉಬ್ಬರವನ್ನು ತಡೆಯಿತು. ಆದರೆ ಯಂತ್ರ ಮಾತ್ರ ಜಾಣತನದ್ದು. ಲಿದೊ, ಮಲಮೊಕ್ಕೊ, ಕಿಯೊಜ್ಜಾ ಎಂಬ ಮೂರು ಕಡಲಬಾಯಿಗಳಲ್ಲಿ ಒಟ್ಟು 78 ಟೊಳ್ಳು ಉಕ್ಕಿನ ಪೆಟ್ಟಿಗೆಗಳು, ಒಂದೊಂದೂ 20 ಮೀಟರ್ ಅಗಲ. ಸಾಮಾನ್ಯ ದಿನಗಳಲ್ಲಿ ನೀರು ತುಂಬಿಕೊಂಡು ತಳದ ಕಾಂಕ್ರೀಟ್ ತೊಟ್ಟಿಯಲ್ಲಿ ಮಲಗಿರುತ್ತವೆ. ಉಬ್ಬರ 110 ಸೆಂ.ಮೀ. ದಾಟುವ ಮುನ್ಸೂಚನೆ ಬಂದರೆ ಒಳಗೆ ಗಾಳಿ ತುಂಬಿ ನೀರನ್ನು ಹೊರದಬ್ಬುತ್ತಾರೆ. ಒಂದು ಅಂಚು ಕೀಲಿಗೆ ಕಚ್ಚಿಕೊಂಡೇ ಇರುತ್ತದೆ, ಇನ್ನೊಂದು ಅಂಚು ಅರ್ಧ ಗಂಟೆಯಲ್ಲಿ ತೇಲಿ ಮೇಲೇಳುತ್ತದೆ. ಪ್ರತಿ ಪೆಟ್ಟಿಗೆ ತನ್ನಷ್ಟಕ್ಕೆ ಅಲೆಯ ಜೊತೆ ತೂಗುತ್ತದೆ. ನಡುವಿನ ಸಂದಿನಲ್ಲಿ ಸ್ವಲ್ಪ ಸೋರುತ್ತದೆ, ಅದು ಲೆಕ್ಕದಲ್ಲೇ ಇದೆ.

ಕೆಡುವುದು ಎಲ್ಲಿ? ನೀರಿನಡಿಯ ಕೀಲಿಗೆ ತುಕ್ಕು, ಪೆಟ್ಟಿಗೆಯ ಮೈಗೆ ಕಚ್ಚುವ ಚಿಪ್ಪು, ಮಲಗುವ ತೊಟ್ಟಿಯಲ್ಲಿ ತುಂಬುವ ಮರಳು. ಮರಳು ಗುಡಿಸದಿದ್ದರೆ ಪೆಟ್ಟಿಗೆ ಪೂರ್ತಿ ಮಲಗುವುದಿಲ್ಲ. ಇದಕ್ಕಿಂತ ದೊಡ್ಡದು ಮುನ್ಸೂಚನೆಯ ತಪ್ಪು. 2020ರ ಡಿಸೆಂಬರ್ 8ರಂದು, ಆ ಪ್ರಾಯೋಗಿಕ ಹಂತದಲ್ಲಿ 130 ಸೆಂ.ಮೀ. ದಾಟುವ ಸೂಚನೆ ಇದ್ದರಷ್ಟೇ ಏರಿಸುವ ನಿಯಮವಿತ್ತು. ಮುನ್ಸೂಚನೆ ಅದಕ್ಕಿಂತ ಕಡಿಮೆ ಹೇಳಿತು, ಗೇಟು ಏರಲಿಲ್ಲ, ನೀರು 138ಕ್ಕೆ ಬಂತು. ಪ್ರತಿ ಸಲ ಏರಿಸಲು ಸುಮಾರು ಎರಡು ಲಕ್ಷ ಯೂರೊ ಖರ್ಚು; ಅಷ್ಟು ಹೊತ್ತೂ ಹಡಗುಗಳು ಹೊರಗೆ ಕಾಯಬೇಕು, ಊರಿನ ಕೊಳೆ ಒಳಗೇ ನಿಲ್ಲಬೇಕು. ವೆನಿಸ್‌ನ ಹಳೆಯ ಭಾಗದಲ್ಲಿ ಬಹುಪಾಲು ಚರಂಡಿ ತೊಳೆಯುವುದು ದಿನಕ್ಕೆರಡು ಸಲ ಬರುವ ಉಬ್ಬರವೇ. ಇನ್ನು 30 ಸೆಂ.ಮೀ. ಕಡಲು ಏರಲಿ, ಮೇಲಿನ 80ಕ್ಕೆ ಕೂಡಿಸಿ ನೋಡಿ. ಬರೀ ಹುಣ್ಣಿಮೆ, ಅಮಾವಾಸ್ಯೆಗೇ 110 ಆಗಿ, ತಿಂಗಳಲ್ಲಿ ಎಷ್ಟೋ ದಿನ ಗೇಟು ಮುಚ್ಚಬೇಕಾಗುತ್ತದೆ. ಗೇಟುಗಳ ವಿನ್ಯಾಸ 60 ಸೆಂ.ಮೀ. ಏರಿಕೆಯನ್ನು ತಡೆದುಕೊಳ್ಳುತ್ತದೆ ಎಂಬುದು ಉಕ್ಕಿನ ಮಾತು. ಲಗೂನು ಅದಕ್ಕೂ ಬಹಳ ಮೊದಲೇ ಕೆರೆಯಾಗಿಬಿಟ್ಟಿರುತ್ತದೆ.

ಲಗೂನಿನ ತಳ ಸವೆಯುತ್ತಿರುವುದನ್ನು ಲೇಖನ ಮುಟ್ಟಿಯೇ ಇಲ್ಲ. ಹೂಳು ತುಂಬಿ ಬಂದರು ಹಾಳಾದೀತೆಂದು ಹಿಂದಿನ ವೆನಿಸ್ ಗಣರಾಜ್ಯ ಬ್ರೆಂತಾ, ಸಿಲೆ, ಪಿಯಾವೆ ನದಿಗಳನ್ನು ಲಗೂನಿನಿಂದ ಹೊರಗೆ ತಿರುಗಿಸಿತು. ಕೆಲಸ ಮುಗಿಯಲು ಶತಮಾನಗಳೇ ಹಿಡಿದವು. ಹೂಳು ನಿಂತಿತು, ಜೊತೆಗೆ ಉಪ್ಪುನೀರಿನ ಜೌಗು ಹುಲ್ಲುಗಾವಲುಗಳಿಗೆ ಸಿಗುತ್ತಿದ್ದ ಮಣ್ಣೂ ನಿಂತಿತು. 1960ರ ದಶಕದಲ್ಲಿ ತೈಲ ಹಡಗುಗಳಿಗಾಗಿ ತೋಡಿದ ಆಳದ ನೇರ ಕಾಲುವೆ ಉಳಿದ ಕೆಸರನ್ನೂ ಕಡಲಿಗೆ ಸಾಗಿಸಿತು. ಈ ಹುಲ್ಲುಗಾವಲುಗಳು ಅಲೆಯ ಹೊಡೆತ ತಡೆಯುವಂಥವು, ಬಿರುಗಾಳಿಯ ಉಬ್ಬರ ಹೊತ್ತು ತರುವ ಕೆಸರಿನಿಂದಲೇ ಬೆಳೆಯುವಂಥವು. ಗೇಟು ಆ ಉಬ್ಬರವನ್ನೇ ಹೊರಗೆ ನಿಲ್ಲಿಸುತ್ತದೆ.

ಇನ್ನು ಬೆಂಗಳೂರು. ಇಲ್ಲಿ ವೆನಿಸ್‌ನ ಕತೆ ನಡೆಯುವುದಿಲ್ಲ, ಪತ್ರ ಬರೆದ ಓದುಗರು ನೆಮ್ಮದಿಯಿಂದಿರಲಿ. ನಾವು ಕೂತಿರುವುದು ಕಡಲಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ನೈಸ್ (gneiss) ಎಂಬ ಗಟ್ಟಿ ಬಂಡೆಯ ಮೇಲೆ. ಮೇಲೆ ಹತ್ತಿಪ್ಪತ್ತು ಮೀಟರ್ ಶಿಥಿಲ ಮಣ್ಣು, ಕೆಳಗೆ ಬಿರುಕುಗಳಲ್ಲಷ್ಟೇ ನೀರಿರುವ ಗಟ್ಟಿ ಕಲ್ಲು. ಸಾವಿರ ಅಡಿ ದಾಟಿದ ಕೊಳವೆಬಾವಿಯಿಂದ ಬಿರುಕಿನ ನೀರು ಬತ್ತಿಸಿದರೂ ಕಲ್ಲು ಕುಗ್ಗುವುದಿಲ್ಲ, ಬಾವಿ ಬತ್ತುತ್ತದೆ. 2024ರ ಬೇಸಿಗೆಯಲ್ಲಿ ನಗರದ ಸುಮಾರು 14 ಸಾವಿರ ಸಾರ್ವಜನಿಕ ಕೊಳವೆಬಾವಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಬತ್ತಿವೆ ಎಂದು ಸರ್ಕಾರವೇ ಹೇಳಿತ್ತು. ನಮ್ಮ ಶಿಕ್ಷೆ ಆ ರೂಪದ್ದು.

ಒಂದೇ ಒಂದು ಕಡೆ ಮಾರ್ಗೆರಾದ ಪಾಠ ಇಲ್ಲಿಗೂ ಸಲ್ಲುತ್ತದೆ: ಕೆರೆಯಂಗಳ ತುಂಬಿಸಿ ಮಾಡಿದ ಬಡಾವಣೆಗಳಲ್ಲಿ. ಅಲ್ಲಿ ಬಂಡೆಯ ಮೇಲೆ ಕೆರೆಯ ಗೋಡು ಇದೆ, ಅದರ ಮೇಲೆ ಕಟ್ಟಡದ ಕಸ ಸುರಿದ ತುಂಬುಮಣ್ಣು. ಪಕ್ಕದ ಸೈಟಿನಲ್ಲಿ ಎರಡು ಮೂರು ಬೇಸ್‌ಮೆಂಟ್ ಅಗೆದು ಹಗಲೂ ರಾತ್ರಿ ಡಿವಾಟರಿಂಗ್ ಪಂಪು ಹಾಕಿದರೆ ಗೋಡಿನ ನೀರು ಇಳಿದು ಸುತ್ತಲಿನ ಮನೆಗಳು ಅಸಮವಾಗಿ ಕೂರುತ್ತವೆ. ಮನೆ ಎಲ್ಲ ಕಡೆ ಸಮನಾಗಿ ಕೂತರೆ ಪಂಪಿನ ಪೈಪು, ಚರಂಡಿಯ ಜೋಡಣೆ ಕಿತ್ತುಬರಬಹುದು, ಅಷ್ಟೇ. ಒಂದು ಮೂಲೆ ಹೆಚ್ಚು ಕೂತಾಗ ಕಿಟಕಿಯ ಮೂಲೆಯಿಂದ ಓರೆ ಬಿರುಕು ಹೊರಡುತ್ತದೆ. ನೋಡಬೇಕಾದ್ದು ಎರಡು. ಪಂಪಿನ ನೀರನ್ನು ಒಂದು ಗಾಜಿನ ಜಾಡಿಯಲ್ಲಿ ಹಿಡಿದು ಒಂದು ಗಂಟೆ ಅಲ್ಲಾಡಿಸದೆ ಇಡಿ. ತಳದಲ್ಲಿ ಮಣ್ಣು ಕೂತರೆ ನೀರಿನ ಜೊತೆ ನಿಮ್ಮ ಬುನಾದಿಯ ಕೆಳಗಿನ ಮಣ್ಣೂ ಹೋಗುತ್ತಿದೆ, ಪಂಪಿನ ಸುತ್ತ ಜಲ್ಲಿ–ಮರಳಿನ ಸೋಸುಕ ಹಾಕಿಲ್ಲ ಎಂದರ್ಥ. ಎರಡನೆಯದು, ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯೊಂದನ್ನು ಎರಡೂ ತುದಿಗೆ ಪ್ಲಾಸ್ಟರ್ ಮೆತ್ತಿ ಅಂಟಿಸಿ, ತಾರೀಕು ಬರೆಯಿರಿ. ಗಾಜು ಒಡೆದರೆ, ‘ಬಿರುಕು ಹಳೆಯದು’ ಎಂಬ ಬಿಲ್ಡರ್ ಮಾತಿಗೆ ಅಲ್ಲೇ ಉತ್ತರ ಸಿಕ್ಕಿತು. ಅಗೆಯುವವರು ಗಡಿಯಲ್ಲಿ ನೀರಿನ ಮಟ್ಟ ನೋಡುವ ಸಣ್ಣ ಕೊಳವೆಗಳನ್ನು ಇಟ್ಟು, ಎತ್ತಿದ ನೀರಲ್ಲಿ ಒಂದು ಪಾಲನ್ನು ಗಡಿಯ ಗುಂಡಿಗಳ ಮೂಲಕ ವಾಪಸು ಇಳಿಸಬೇಕು. ದುಬಾರಿಯೇನಲ್ಲ, ಮಾಡುವವರು ಕಡಿಮೆ.

ನಿಜವಾಗಿ ಯೋಚಿಸಬೇಕಾದವರು ನಮ್ಮ ಕರಾವಳಿಯವರು, ಮತ್ತು ಅವರಿಗಾಗಿ ವಿಧಾನಸೌಧದಲ್ಲಿ ಹಣ ಹಂಚುವವರು. ಮಂಗಳೂರಿನ ಬಹುಭಾಗ ಮುರಕಲ್ಲಿನ ದಿಬ್ಬಗಳ ಮೇಲಿದೆ, ಅದಕ್ಕೆ ಕುಸಿತದ ಭಯವಿಲ್ಲ. ನೇತ್ರಾವತಿ–ಫಲ್ಗುಣಿ ಅಳಿವೆಯ ಬದಿಯ ಮೆಕ್ಕಲು ಪಟ್ಟಿ ಬೇರೆ ಜಾತಿಯದು. ಅಲ್ಲಿ ಹೆಚ್ಚು ನೀರೆತ್ತಿದರೆ ನೆಲ ಇಳಿಯುವ ಮೊದಲೇ ಬಾವಿಗೆ ಉಪ್ಪು ಬರುತ್ತದೆ. ಅದೇ ಮೊದಲ ಎಚ್ಚರಿಕೆಯ ಗಂಟೆ. ಅಳಿವೆ ಬಾಯಿಗೆ ವೆನಿಸ್ ಮಾದರಿ ಗೇಟು ಹಾಕೋಣ ಎಂಬ ಸಲಹೆ ನಿಮ್ಮ ಲೇಖನದ ಕೊನೆಯಲ್ಲಿದೆ. ವೆನಿಸ್‌ನಲ್ಲಿ ಗೇಟು ಮುಚ್ಚಲು ಸಾಧ್ಯವಾಗಿರುವುದು ದೊಡ್ಡ ನದಿಗಳನ್ನು ಲಗೂನಿನಿಂದ ಆಗಲೇ ಹೊರಹಾಕಿರುವುದರಿಂದ. ನಮ್ಮಲ್ಲಿ ಕಡಲು ಉಕ್ಕುವುದೂ ಘಟ್ಟದ ನೀರು ಧುಮುಕುವುದೂ ಜುಲೈ ತಿಂಗಳಲ್ಲೇ. ಗೇಟು ಮುಚ್ಚಿದರೆ ನೇತ್ರಾವತಿ ಹಿಂದಕ್ಕೆ ಊರಿಗೇ ನುಗ್ಗುತ್ತದೆ. ಬೇಸಿಗೆಯಲ್ಲಿ ಉಪ್ಪು ತಡೆಯಲು ಕಿಂಡಿ ಅಣೆಕಟ್ಟು ಸರಿ, ಮಳೆಗಾಲಕ್ಕೆ ಅದರ ಹಲಗೆ ತೆಗೆಯುವುದೂ ಸರಿ. ಕಡಲನ್ನು ತಡೆಯುವ ಗೇಟು ಬೇರೆ ಮಾತು. ಅದರ ಬದಲು ಅಘನಾಶಿನಿ ನದಿಯ ಗಜನಿಗಳ, ಅಂದರೆ ಅಳಿವೆಯ ಉಪ್ಪುನೀರಿನ ಗದ್ದೆಗಳ, ಒಡ್ಡುಗಳನ್ನು ದುರಸ್ತಿ ಮಾಡಿ, ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವವರಿಗೆ ಕೈಹಿಡಿದರೆ ಉಪ್ಪುನೀರನ್ನು ಹದವಾಗಿ ಒಳಬಿಟ್ಟು ಹೊರಬಿಡುವ, ಕೆಸರನ್ನು ಹಿಡಿದಿಡುವ ಜಾಗ ಉಳಿಯುತ್ತದೆ. ಕಲ್ಲು ಸುರಿದ ತಡೆಗೋಡೆಯಂತೆ ಇದು ಪಕ್ಕದೂರಿಗೆ ಕಡಲ್ಕೊರೆತ ದಾಟಿಸುವುದಿಲ್ಲ.

ಮೊದಲು ಆಗಬೇಕಾದ್ದು ಅಳತೆ, ಅದೂ ಎರಡೂ ಖಾತೆಯದು. ಮಂಗಳೂರು, ಕಾರವಾರಗಳಲ್ಲಿ ಉಬ್ಬರಮಾಪಕಗಳಿವೆ. ಆದರೆ ಮಾಪಕ ಕೂತಿರುವುದು ಬಂದರಿನ ಕಟ್ಟೆಯ ಮೇಲೆ. ಕಟ್ಟೆಯೇ ವರ್ಷಕ್ಕೆ 2 ಮಿ.ಮೀ. ಕೂತರೆ ಕಾಗದದಲ್ಲಿ ಸಮುದ್ರ 2 ಮಿ.ಮೀ. ಏರಿದಂತೆ ಕಾಣುತ್ತದೆ. ಹೀಗಾಗಿ ಮಾಪಕದ ಮೇಲೆಯೇ ಒಂದು ಕಾಯಂ ಜಿಪಿಎಸ್ ಆಂಟೆನಾ ಇರಬೇಕು. ಮುರಕಲ್ಲಿನ ದಿಬ್ಬದಿಂದ ಹೊರಟು ಮೆಕ್ಕಲು ಪಟ್ಟಿ ದಾಟಿ ಮಾಪಕಕ್ಕೆ ಮುಟ್ಟುವ, ತ್ರೆವಿಸೊ–ವೆನಿಸ್ ಮಾದರಿಯ ಒಂದು ಲೆವೆಲಿಂಗ್ ಸಾಲು ಬೇಕು. ಪ್ರತಿ ವರ್ಷ ಅದೇ ತಿಂಗಳಲ್ಲಿ ಅಳೆಯಬೇಕು, ಏಕೆಂದರೆ ಮಳೆಗಾಲಕ್ಕೆ ಮಣ್ಣು ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಮೆಕ್ಕಲಿನ ಗುರುತುಕಲ್ಲುಗಳಲ್ಲಿ ಕೆಲವಕ್ಕಾದರೂ ಬಂಡೆ ಮುಟ್ಟುವ ಸರಳನ್ನು ಹೊರಕೊಳವೆಯೊಳಗೆ ಇಳಿಸಿರಬೇಕು. ಇಲ್ಲವಾದರೆ ಕಲ್ಲೂ ನೆಲದ ಜೊತೆ ಇಳಿದು ‘ಎಲ್ಲ ಸರಿಯಿದೆ’ ಎನ್ನುತ್ತದೆ.

ಆಕಾಶದಿಂದ ನೋಡಲು ಈಗ ನಿಸಾರ್ ಇದೆ. ನಮ್ಮ ಬೆಂಗಳೂರಿನಲ್ಲೇ ಜೋಡಣೆಯಾಗಿ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ, ನೆಲದ ಏರಿಳಿತವನ್ನು ರೇಡಾರ್‌ನಿಂದ ಅಳೆಯುವ ಉಪಗ್ರಹ. 12 ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಬರುತ್ತದೆ. ಹಳೆಯ ಹಲವು ಉಪಗ್ರಹಗಳ ಗಿಡ್ಡ ರೇಡಾರ್ ಅಲೆ ತೆಂಗಿನ ತೋಟದ ಎಲೆಗಳಲ್ಲೇ ಚದುರಿಹೋಗುತ್ತಿತ್ತು. ಇದರ ಉದ್ದನೆಯ ಎಲ್ ಬ್ಯಾಂಡ್ ಅಲೆ ಎಲೆ ದಾಟಿ ನೆಲ ಮುಟ್ಟುವ ಸಂಭವ ಹೆಚ್ಚು. ಆದರೂ ಬಯಲಿನಲ್ಲಿ ಆಳೆತ್ತರದ, ಮೂರು ಮುಖದ ಲೋಹದ ಪ್ರತಿಫಲಕಗಳನ್ನು ಕೆಲವು ಕಡೆ ನೆಟ್ಟರೆ ಓದು ಖಚಿತವಾಗುತ್ತದೆ. ಒಳಗೆ ಮಳೆನೀರು ನಿಲ್ಲದಂತೆ ತಳಕ್ಕೆ ತೂತು ಕೊರೆಯುವುದನ್ನು ಮರೆಯಬಾರದು. ಮಳೆಗಾಲ ಕಳೆದ ಮೇಲೆ ಒಳಗೆ ಕೂತ ಎಲೆ, ಪಾಚಿ ತೆಗೆಯಲು ಯಾರಿಗಾದರೂ ಹೊಣೆ ವಹಿಸಿರಬೇಕು. ಇಂಥ ಕೆಲಸಗಳು ಕೆಡುವುದು ಬಹುತೇಕ ಅಲ್ಲಿಯೇ.

ಈ ಅಂಕಿಗಳನ್ನು ತಿಂಗಳಿಗೊಮ್ಮೆ ಸಾರ್ವಜನಿಕರ ಮುಂದಿಡಬೇಕೆಂದು ಸಂಬಂಧಪಟ್ಟ ಇಲಾಖೆಗಳನ್ನು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇವೆ. ‘ವರ್ಷಕ್ಕೆ 12 ಸೆಂ.ಮೀ.’ ಎಂದು ಅಚ್ಚಾದದ್ದಕ್ಕೆ ಮುಂದಿನ ಭಾನುವಾರದ ಪುರವಣಿಯಲ್ಲೇ ಒಂದು ತಿದ್ದುಪಡಿ ಹಾಕಿ.

ಇಂತಿ,
ಅಂತರ್ಜಲ ಮತ್ತು ಬುನಾದಿ ಎಂಜಿನಿಯರರಾದ ಕೆಲವು ಓದುಗರು
ಜಯನಗರ, ಬೆಂಗಳೂರು